ಜೀವಾವಧಿ ನ್ಯಾಯಾಧೀಶೆ ಮತ್ತು ನಾಲ್ಕರ ಬಸ್ಸು

ಮೊನ್ನೆ ಕವಿತಾ ಎಂಬ ಹುಡುಗಿ ಫೋನ್ ಮಾಡಿದ್ದಳು. ಮೊಳಕಾಲ್ಮುರಿನ ಕಾಲೇಜಿನಲ್ಲಿ ನಾನು ಬಿಟ್ಟುಬಂದ ರಾಜ್ಯಶಾಸ್ತ್ರದ ಪಾಠಗಳನ್ನು ಈಗ ಮಾಡುತ್ತಿರುವವಳು ಅವಳೇ. ಅಮೆರಿಕ ಸರ್ಕಾರದ ಮೂರು ಅಂಗಗಳು, ಅವುಗಳ ಅಧಿಕಾರ ಮತ್ತು ಪಾತ್ರ, ಹತ್ತು ಅಂಕದ ಪ್ರಶ್ನೆಗೆ ನೋಟ್ಸ್ ಇದ್ದರೆ ಕಳಿಸಿ ಮೇಡಮ್ ಎಂದಳು. ಇದೆ, ಹುಡುಕಿ ಕಳಿಸುತ್ತೇನೆ ಎಂದೆ. ಶುದ್ಧ ಸುಳ್ಳು. ನನ್ನ ಹತ್ತಿರ ಯಾವ ನೋಟ್ಸೂ ಇಲ್ಲ. ಇದ್ದದ್ದು ಒಂದು ಕೋಣೆ, ಮೂರು ಸಾಲು ಬೆಂಚು, ಕೊಂಡ್ಲಹಳ್ಳಿಯಿಂದ ಬರುತ್ತಿದ್ದ ಒಬ್ಬಳು ಹುಡುಗಿ. ಅದನ್ನೇ ಬರೆಯುತ್ತಿದ್ದೇನೆ. ಕವಿತಾಳಿಗೆಂದು ಶುರುಮಾಡಿದರೂ ಈ ಕೆಲಸಕ್ಕೆ ಹೊಸದಾಗಿ ಬರುವ ಯಾರು ಬೇಕಾದರೂ ಓದಲಿ. ನಾನು ಯಾವಾಗ ಸೇರಿದೆ, ಯಾವ ಬಡ್ತಿ ಯಾವಾಗ ಸಿಕ್ಕಿತು ಎಂಬುದೆಲ್ಲ ಕಚೇರಿಯ ಬೀರುವಿನಲ್ಲಿದೆ. ಅಲ್ಲೇ ಇರಲಿ, ಅದರಿಂದ ಯಾರಿಗೂ ಏನೂ ಆಗಬೇಕಾದ್ದಿಲ್ಲ.

ನಾನು ಚಳ್ಳಕೆರೆಯವಳು. ಅಪ್ಪನದು ಶೇಂಗಾ ಎಣ್ಣೆಯ ಗಿರಣಿ. ಮಗಳು ದಿನಾ ಬಸ್ಸು ಹತ್ತಿ ಮೊಳಕಾಲ್ಮುರಿಗೆ ಹೋಗಿ ಅಮೆರಿಕದ ಸರ್ಕಾರ ಹೇಳಿಕೊಡುತ್ತಾಳೆ ಎಂದರೆ ಗಿರಣಿಗೆ ಬಂದ ವ್ಯಾಪಾರಸ್ಥರು ಮುಸಿಮುಸಿ ನಗುತ್ತಿದ್ದರು. ಅವ್ವ ಮಾತ್ರ ನಗಲಿಲ್ಲ. ಅಲ್ಲಿ ಯಾರ ಮಾತು ನಡೀತೈತೆ ಎಂದು ಕೇಳಿದಳು. ಕಾನೂನು ಮಾಡುವವರು ಒಬ್ಬರು, ಅದನ್ನು ನಡೆಸುವವರು ಇನ್ನೊಬ್ಬರು, ಸರಿಯೋ ತಪ್ಪೋ ನೋಡುವವರು ಮತ್ತೊಬ್ಬರು, ಯಾರೂ ಒಬ್ಬರೇ ಯಜಮಾನರಲ್ಲ ಎಂದೆ. ಅವ್ವ ಅಡುಗೆಮನೆಯ ಬಾಗಿಲಿನಿಂದ ಅಪ್ಪನ ಕಡೆ ನೋಡಿ, "ಹಂಗಾರೆ ನಮ್ಮನೆ ಥರ ಅಲ್ಲ ಬಿಡು" ಅಂದಳು. ನನ್ನ ಪಾಠವನ್ನು ಅಷ್ಟು ಬೇಗ ಅರ್ಥಮಾಡಿಕೊಂಡವರು ಮುಂದೆಯೂ ಕಡಿಮೆಯೇ.

ಮೊದಮೊದಲು ನಾನೂ ಎಲ್ಲರಂತೆ ನೋಟ್ಸ್ ಬರೆಸುತ್ತಿದ್ದೆ. ಕಾಂಗ್ರೆಸ್ಸಿಗೆ ಎರಡು ಸದನ, ಪ್ರತಿನಿಧಿ ಸಭೆ ಮತ್ತು ಸೆನೆಟ್, ಕಾರ್ಯಾಂಗಕ್ಕೆ ಅಧ್ಯಕ್ಷ, ನ್ಯಾಯಾಂಗಕ್ಕೆ ಸುಪ್ರೀಂ ಕೋರ್ಟು. ಮಕ್ಕಳು ತಲೆ ಬಗ್ಗಿಸಿ ಬರೆದುಕೊಳ್ಳುತ್ತಿದ್ದರು. ನಾನು ಭಾರೀ ಪಾಠ ಮಾಡಿದೆನೆಂದು ಬೀಗುತ್ತಿದ್ದೆ. ಪರೀಕ್ಷೆಯ ಉತ್ತರ ನೋಡಿದಾಗ ಆ ಜಂಬ ಇಳಿಯಿತು. ಅಮೆರಿಕದ ಅಧ್ಯಕ್ಷನನ್ನು ಸದಸ್ಯರು ಅವಿಶ್ವಾಸ ಗೊತ್ತುವಳಿಯಿಂದ ಇಳಿಸುತ್ತಾರೆ ಎಂದು ಮುಕ್ಕಾಲು ಕ್ಲಾಸು ಬರೆದಿತ್ತು. ಒಬ್ಬನಂತೂ, ಹಾಗೆ ಇಳಿಸುವ ಮುಂಚೆ ಸದಸ್ಯರನ್ನೆಲ್ಲ ಪ್ರವಾಸಕ್ಕೆ ಕರೆದುಕೊಂಡು ಹೋಗಿ ಇಟ್ಟುಕೊಳ್ಳಬೇಕು ಎಂದು ಸೇರಿಸಿದ್ದ. ಅವರ ಊರಿನ ಪಂಚಾಯಿತಿ ಅಧ್ಯಕ್ಷರು ಹಾಗೇ ತಾನೆ ಇಳಿದದ್ದು! ಅಧ್ಯಕ್ಷ ಎಂಬ ಮಾತು ಕೇಳಿದರೆ ಅವರ ಕಣ್ಣಿಗೆ ಬರುತ್ತಿದ್ದವನು ಆತ. ನಾನು ಹೇಳಿದ್ದು ಪುಸ್ತಕದಲ್ಲೇ ಉಳಿದಿತ್ತು.

ಆ ಬೇಸಿಗೆಯ ರಜೆಯಲ್ಲಿ ಕೂತು ಯೋಚಿಸಿ, ಮುಂದಿನ ವರ್ಷ ಎರಡನೇ ಬಿ.ಎ. ಕೋಣೆಯನ್ನೇ ಸರ್ಕಾರ ಮಾಡಿದೆ. ಒಂದೊಂದು ಊರು ಒಂದೊಂದು ರಾಜ್ಯ. ಮಕ್ಕಳು ಎಷ್ಟು ಜನ ಬರುತ್ತಾರೋ ಆ ಲೆಕ್ಕದಲ್ಲಿ ಪ್ರತಿನಿಧಿ ಸಭೆ. ಸೆನೆಟ್ಟಿಗೆ ಮಾತ್ರ ಊರು ದೊಡ್ಡದಿರಲಿ ಚಿಕ್ಕದಿರಲಿ, ಇಬ್ಬರು. ಬಿ.ಜಿ. ಕೆರೆಯ ಹುಡುಗರು ಎದ್ದುನಿಂತು ಕೂಗಾಡಿದರು. ಅವರದು ದೊಡ್ಡ ಊರು, ಒಂದು ಬೆಂಚು ಪೂರ್ತಿ ಅವರೇ. ಸಿದ್ದಾಪುರದಿಂದ ಬರುತ್ತಿದ್ದವರೇ ಇಬ್ಬರು, ಆ ಇಬ್ಬರೂ ಸೆನೆಟರುಗಳಾಗಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ಇದೇನು ನ್ಯಾಯ ಮೇಡಮ್ ಎಂದು ಬಿ.ಜಿ. ಕೆರೆಯವರು ಕನ್ನಡದಲ್ಲಿ ಕೇಳಿದರು, ಆಂಧ್ರದ ಗಡಿಯ ಹುಡುಗರು ತೆಲುಗಿನಲ್ಲಿ ಕೇಳಿದರು. ಅಲ್ಲಿನ ದೊಡ್ಡ ರಾಜ್ಯಗಳೂ ಇದನ್ನೇ ಕೇಳಿದ್ದವು ಕಣ್ರೋ, ಚಿಕ್ಕವರನ್ನು ದೊಡ್ಡವರು ನುಂಗಬಾರದು ಅಂತ ಹೀಗೆ ಒಪ್ಪಿಕೊಂಡರು ಎಂದೆ. ಸೆನೆಟ್ ಎಂದರೇನು ಎಂದು ಆಮೇಲೆ ನಾನು ಯಾರಿಗೂ ಬರೆಸಬೇಕಾಗಲಿಲ್ಲ.

ಇನ್ನು ನಮ್ಮ ಪ್ರಿನ್ಸಿಪಾಲರ ವಿಷಯ. ಅವರನ್ನು ಮಕ್ಕಳು ಗಂಟೆ ಸಾಹೇಬ್ರು ಅನ್ನುತ್ತಿದ್ದರು. ಜವಾನನಿದ್ದರೂ ಕಾಲೇಜಿನ ಗಂಟೆಯನ್ನು ತಾವೇ ಹೊಡೆಯುತ್ತಿದ್ದರು. ಬೇರೆಯವರು ಹೊಡೆದರೆ ಒಂದು ನಿಮಿಷ ಹಿಂದೆ ಮುಂದೆ ಆಗುತ್ತದೆಂಬ ಗುಮಾನಿ. ವೇಳಾಪಟ್ಟಿಗೆ ಯಾರಾದರೂ ಕೈಹಚ್ಚಿದರೆ ಮನೆಗೆ ಕಳ್ಳ ನುಗ್ಗಿದ ಹಾಗೆ ಆಡುತ್ತಿದ್ದರು. ನನ್ನ ಆಟಕ್ಕೆ ಒಪ್ಪಿಗೆ ಕೊಡುವಾಗ ಒಂದು ಷರತ್ತು ಹಾಕಿದರು. ನಾಲ್ಕು ಗೋಡೆಯ ಒಳಗೆ ಏನು ಬೇಕಾದರೂ ಮಾಡಿಕೊಳ್ಳಿ, ಹೊರಗಿನ ವಿಷಯಕ್ಕೆ ಬಾಯಿ ಹಾಕಕೂಡದು. ಅದನ್ನೇ ನಮ್ಮ ಕೋಣೆಯ ಸಂವಿಧಾನದ ಮೊದಲ ವಿಧಿಯಾಗಿ ದೊಡ್ಡ ಹಾಳೆಯ ಮೇಲೆ ಬರೆದು ಗೋಡೆಗೆ ಅಂಟಿಸಿದೆವು. ಇಡೀ ಕ್ಲಾಸು ಕೈಯೆತ್ತಿ ಒಪ್ಪಿತ್ತು.

ಪಾಲಮ್ಮ ಕೊಂಡ್ಲಹಳ್ಳಿಯವಳು. ಸಣಕಲು ಹುಡುಗಿ, ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆ, ಮಾತು ಕಡಿಮೆ. ಅವಳ ಊರಿಗೆ ಬಸ್ಸು ನಾಲ್ಕಕ್ಕೆ. ಕಾಲೇಜು ಬಿಡುತ್ತಿದ್ದದ್ದು ನಾಲ್ಕೂ ಕಾಲಿಗೆ. ಆಮೇಲಿನ ಬಸ್ಸಿಗೆ ಹೋದರೆ ಊರು ಮುಟ್ಟುವಷ್ಟರಲ್ಲಿ ಕತ್ತಲು. ಅವಳ ಅಪ್ಪ ದಿನಾ ಬ್ಯಾಟರಿ ಹಿಡಿದು ಬಸ್ಸಿನ ಹತ್ತಿರ ಬಂದು ಕಾಯುತ್ತಿದ್ದ. ಊರವರು ಏನೇನೋ ಅನ್ನತೊಡಗಿದ್ದರು. ಒಂದು ಸಂತೆಯ ದಿನ ಆತನೇ ಕಾಲೇಜಿಗೆ ಬಂದ. ಜಗಲಿಯ ಕೆಳಗೇ ನಿಂತು, ಎಷ್ಟು ಕರೆದರೂ ಮೇಲೆ ಹತ್ತಲಿಲ್ಲ. ಯುಗಾದಿಯವರೆಗೆ ನೋಡುತ್ತೇನೆ, ಆಮೇಲೆ ಬಿಡಿಸುತ್ತೇನೆ ಎಂದ. ನಾನಿದ್ದೇನಲ್ಲಪ್ಪ, ನಂಬಿಕೆ ಇಲ್ಲವೇ ಎಂದು ಕೇಳಿದೆ.

"ನಿಮ್ಮೇಲೆ ನಂಬ್ಕೆ ಐತೆ ಮೇಡಮ್ಮೋರೆ. ಕತ್ಲ ಮ್ಯಾಲೆ ಇಲ್ಲ."

ಒಳ್ಳೆಯ ಮನುಷ್ಯ, ಮಗಳು ಓದಲಿ ಎಂದೇ ಅವನ ಆಸೆ. ಅದಕ್ಕೇ ಅವನ ಮೇಲೆ ಸಿಟ್ಟು ಮಾಡಿಕೊಳ್ಳಲೂ ಆಗಲಿಲ್ಲ.

ಆ ವರ್ಷ ನಮ್ಮ ಕೋಣೆಯ ಅಧ್ಯಕ್ಷನಾಗಿ ಗೆದ್ದವನು ತಿಪ್ಪೇಸ್ವಾಮಿ, ಮೊಳಕಾಲ್ಮುರಿನ ರೇಷ್ಮೆ ಸೀರೆ ಅಂಗಡಿಯವರ ಮಗ. ವಾಲಿಬಾಲ್ ಆಡುತ್ತಿದ್ದ, ನಗುಮುಖ, ಬಾಯಿ ಜೋರು. ಪಾಲಮ್ಮ ಪ್ರತಿನಿಧಿ ಸಭೆಯಲ್ಲಿ ಎದ್ದುನಿಂತು ಒಂದು ಮಸೂದೆ ತಂದಳು. ಬೆಳಗ್ಗೆ ಮುಂಚಿತವಾಗಿ ಶುರುಮಾಡಿ ಸಂಜೆ ಮೂರೂವರೆಗೆ ಕಾಲೇಜು ಬಿಡಬೇಕು ಎಂದು. ಪೇಟೆಯ ಹುಡುಗರಿಗೆ ಬೆಳಗಿನ ನಿದ್ದೆಯೇ ಪ್ರಾಣ. ತಿಪ್ಪೇಸ್ವಾಮಿಗೆ ಅವಳ ಬಾಯಿ ಹೇಗೆ ಮುಚ್ಚಿಸುವುದು ಎಂಬ ಚಿಂತೆ ಹತ್ತಿತು. ಎರಡು ದಿನ ಬಿಟ್ಟು ನಗುನಗುತ್ತ ಬಂದು, ಕೋರ್ಟಿಗೆ ಮುಖ್ಯ ನ್ಯಾಯಾಧೀಶರನ್ನು ನೇಮಿಸುವ ಅಧಿಕಾರ ಅಧ್ಯಕ್ಷನದಲ್ಲವೇ, ನಾನು ಪಾಲಮ್ಮನನ್ನು ನೇಮಿಸುತ್ತೇನೆ ಎಂದ. ಭಲೇ ಎಂದುಕೊಂಡೆ. ನ್ಯಾಯಾಧೀಶೆಯಾದರೆ ಅವಳು ಸಭೆ ಬಿಡಬೇಕು. ಮಾತೂ ಹೋಯಿತು, ಮತವೂ ಹೋಯಿತು. ಯಾವ ಪುಸ್ತಕ ಓದಿ ಕಲಿತನೋ ಪುಣ್ಯಾತ್ಮ.

ಸೆನೆಟ್ ಒಪ್ಪಿಗೆ ಕೊಟ್ಟಿತು. ಪಾಲಮ್ಮ ಬೇಡ ಅನ್ನುತ್ತಾಳೆಂದು ನಾನು ಕಾದೆ. ಅವಳು ಪುಸ್ತಕ ತೆಗೆದುಕೊಂಡು ಸೀದಾ ಹಿಂದಿನ ಬೆಂಚಿಗೆ ಹೋಗಿ ಕೂತಳು. ಆ ಬೆಂಚೇ ನಮ್ಮ ಸುಪ್ರೀಂ ಕೋರ್ಟು. ಕ್ಲಾಸು ಮುಗಿದ ಮೇಲೆ ಅವಳನ್ನು ಕರೆದು, ಅವನ ಹುನ್ನಾರ ತಿಳಿಯಲಿಲ್ಲವೇನೇ, ಯಾಕೆ ಒಪ್ಪಿಕೊಂಡೆ ಎಂದು ಕೇಳಿದೆ.

"ತಿಳೀತು ಮೇಡಮ್. ಆದ್ರೆ ಸಭೇದು ಅವಧಿ ಮುಗಿದ್ರೆ ಹೋಯ್ತು. ಇದು ಸಾಯೋ ಗಂಟ, ಯಾರೂ ಬಿಡ್ಸಂಗಿಲ್ಲ ಅಂತ ನೀವೇ ಹೇಳಿದ್ರಲ್ಲ. ನಂಗೆ ಹಂಗಿರೋದು ಒಂದಾದ್ರೂ ಬೇಕಿತ್ತು."

ಅಮೆರಿಕದ ನ್ಯಾಯಾಧೀಶರದು ಜೀವಾವಧಿ ನೇಮಕ ಎಂದು ಅಷ್ಟು ವರ್ಷ ಹೇಳಿಕೊಟ್ಟಿದ್ದೆ. ಆ ಮಾತಿನ ತೂಕ ನನಗೆ ಗೊತ್ತಾದದ್ದು ಅವತ್ತು. ಯುಗಾದಿಗೆ ಬಿಡಿಸುತ್ತಾರೆಂದು ಗೊತ್ತಿದ್ದ ಹುಡುಗಿ ಅವಳು.

ಅವಳು ಸಭೆ ಬಿಟ್ಟರೂ ಮಸೂದೆ ಸಾಯಲಿಲ್ಲ. ಬಿ.ಜಿ. ಕೆರೆಗೆ ಬೇಕಾದಷ್ಟು ಬಸ್ಸಿದ್ದರೂ ಆ ಊರಿನ ಹುಡುಗಿಯರು ಅವಳ ಪರ ನಿಂತರು. ಸೆನೆಟ್ಟಿನಲ್ಲಿ ಚಿಕ್ಕ ಊರುಗಳದ್ದೇ ಕೈಮೇಲು. ಎರಡೂ ಸದನ ದಾಟಿತು. ತಿಪ್ಪೇಸ್ವಾಮಿ ಅಧ್ಯಕ್ಷನ ನಿಷೇಧಾಧಿಕಾರ ಚಲಾಯಿಸಿ ವಾಪಸ್ಸು ಕಳಿಸಿದ. ಆ ಹುಡುಗಿಯರು ಬಿಟ್ಟಾರೆಯೇ? ಊರೂರಿನವರನ್ನೂ ಊಟದ ಬಿಡುವಿನಲ್ಲಿ ಹಿಡಿದು, ಕಾಡಿ, ಮೂರನೇ ಎರಡರಷ್ಟು ಮತ ಕೂಡಿಸಿ ಮತ್ತೆ ಗೆದ್ದರು. ಕೋಣೆ ಹಾರಿಹೋಗುವಷ್ಟು ಚಪ್ಪಾಳೆ. ಸಿದ್ದಾಪುರದ ಸೆನೆಟರುಗಳು ಬೆಂಚು ಹತ್ತಿ ಕುಣಿದರು. ಪೇಟೆಯ ಹುಡುಗನೊಬ್ಬ ಮೆಲ್ಲಗೆ ಎದ್ದು ಗೋಡೆಯ ಹಾಳೆ ತೋರಿಸಿದ. ಮೊದಲ ವಿಧಿ. ಇದು ಕೋಣೆಯ ಹೊರಗಿನ ವಿಷಯ, ನಾನು ಕೋರ್ಟಿಗೆ ಹೋಗುತ್ತೇನೆ ಎಂದ.

ಕೋರ್ಟು ಕೂತದ್ದು ಫೆಬ್ರವರಿಯ ಮೊದಲ ಶುಕ್ರವಾರ, ಕೊನೆಯ ಪೀರಿಯಡ್ಡಿನಲ್ಲಿ. ಗಲಾಟೆಯ ಸುದ್ದಿ ಕೇಳಿ ಪ್ರಿನ್ಸಿಪಾಲರೂ ಬಂದು ಬಾಗಿಲಲ್ಲಿ ನಿಂತರು. ಕೈಯಲ್ಲಿ ಗಂಟೆ ಹೊಡೆಯುವ ಕಬ್ಬಿಣದ ಸುತ್ತಿಗೆ. ಬೆಂಚಿನಲ್ಲಿ ಮೂವರು ನ್ಯಾಯಾಧೀಶರು, ನಡುವೆ ಪಾಲಮ್ಮ. ನಿನ್ನದೇ ಮಸೂದೆ, ನೀನು ಪಕ್ಕಕ್ಕೆ ಸರಿಯಬೇಕು ಎಂದು ಪೇಟೆಯ ಹುಡುಗ ವಾದಿಸಿದ. ಪಾಲಮ್ಮ ತನ್ನ ಆಚೀಚೆ ಕೂತವರನ್ನು ನೋಡಿದಳು. ಒಬ್ಬಳದು ಇದೇ ನಾಲ್ಕರ ಬಸ್ಸು, ಇನ್ನೊಬ್ಬನ ಮನೆ ಕಾಲೇಜಿನ ಹಿಂದೆಯೇ. ಹಾಗೆ ನೋಡಿದರೆ ಇಲ್ಲಿ ಕೂರಲು ಯಾರಿಗೂ ಬರುವುದಿಲ್ಲ ಎಂದು ಹೇಳಿ ಕೂತೇ ಇದ್ದಳು. ವಾದ ನಡೆಯಿತು. ಕಿಟಕಿಯಾಚೆ ರಸ್ತೆಯಲ್ಲಿ ನಾಲ್ಕರ ಬಸ್ಸು ಹಾರ್ನ್ ಹೊಡೆದು ಹೋದದ್ದು ಎಲ್ಲರಿಗೂ ಕೇಳಿಸಿತು. ಅವಳು ಎದ್ದಳು.

"ಈ ಕಾನೂನು ನಂಗೆ ಬೇಕು. ಬ್ಯಾಡ ಅಂದ್ರೆ ಸುಳ್ಳಾಗ್ತೈತೆ. ಆದ್ರೆ ಗೋಡೆ ಮ್ಯಾಲೆ ಬರ್ದಿರೋದಕ್ಕೆ ನಾವೇ ಕೈಯೆತ್ತಿದೀವಿ. ವೇಳಾಪಟ್ಟಿ ಪ್ರಿನ್ಸಿಪಾಲ್ರದು, ಈ ಕೋಣೇದಲ್ಲ. ಕಾನೂನು ನಡಿಯಂಗಿಲ್ಲ."

ಅಷ್ಟೇ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಗೆದ್ದವನೂ ತಟ್ಟಲಿಲ್ಲ. ಪ್ರಿನ್ಸಿಪಾಲರು ಹೋಗಿ ಗಂಟೆ ಹೊಡೆದರು. ಅವತ್ತು ಚಳ್ಳಕೆರೆಯ ಬಸ್ಸಿನಲ್ಲಿ ನನಗೆ ತಡೆಯಲಾಗದ ಅಳು. ಪಕ್ಕದ ಹೆಂಗಸು ಯಾರಿಗಾದರೂ ಹುಷಾರಿಲ್ಲವೇ ತಾಯಿ ಎಂದು ವಿಚಾರಿಸಿದಳು. ಅಷ್ಟು ಸರಿಯಾದ ತೀರ್ಪನ್ನು ನಾನು ಆ ಕೋಣೆಯಲ್ಲಿ ಮುಂದೆಂದೂ ಕೇಳಲಿಲ್ಲ. ಆದರೆ ಆ ತೀರ್ಪು ಕೊಟ್ಟವಳ ಓದೇ ನಿಲ್ಲುತ್ತದಲ್ಲ.

ಮುಂದಿನ ವಾರ ಪಾಲಮ್ಮ ಬರಲಿಲ್ಲ. ಯುಗಾದಿ ಇನ್ನೂ ದೂರವಿತ್ತು. ಅಪ್ಪ ಮನಸ್ಸು ಬದಲಾಯಿಸಿದನೇನೋ, ಇಲ್ಲ ಇವಳೇ ಆಸೆ ಬಿಟ್ಟಳೋ ಎಂದು ನಾನು ಹಾಜರಿ ಕೂಗುವಾಗ ಅವಳ ಹೆಸರಿನ ಹತ್ತಿರ ಬಂದು ನಿಲ್ಲುತ್ತಿದ್ದೆ. ಹಿಂದಿನ ಬೆಂಚಿನ ನಡುವಿನ ಜಾಗದಲ್ಲಿ ಯಾರೂ ಕೂರುತ್ತಿರಲಿಲ್ಲ. ಆ ವಾರ ಮುಗಿಯುವ ಮುಂಚೆ ಪ್ರಿನ್ಸಿಪಾಲರು ನನ್ನನ್ನು ಕರೆಸಿದರು. ಮೇಜಿನ ಮೇಲೆ ಹೊಸ ವೇಳಾಪಟ್ಟಿ. ಸೋಮವಾರದಿಂದ ಕಾಲೇಜು ಮೂರೂವರೆಗೆ ಬಿಡುತ್ತದೆ. ನಾನು ಬಾಯಿಬಿಡುವ ಮುಂಚೆಯೇ ಅವರು ಗೊಣಗಿದರು.

"ನಿಮ್ಮ ಕಾಂಗ್ರೆಸ್ಸು ಗಲಾಟೆ ಮಾಡಿ ಕೇಳಿದ್ರೆ ನಾನು ಕೊಡ್ತಿರಲಿಲ್ಲ ಕಣ್ರಿ. ಆ ಹುಡುಗಿ ನನ್ನ ಅಧಿಕಾರಾನ ನನ್ನ ಕೈಯಲ್ಲೇ ಇಟ್ಟು ಹೋದ್ಲು. ಇಟ್ಕೊಂಡು ಸುಮ್ನೆ ಕೂರೋಕೆ ಆಗ್ಲಿಲ್ಲ."

ಈ ಸುದ್ದಿ ಕೊಂಡ್ಲಹಳ್ಳಿಗೆ ಮುಟ್ಟಿಸಬೇಕಲ್ಲ. ನಾನೇ ಹೋಗುತ್ತೇನೆಂದು ಹೊರಟಾಗ ತಿಪ್ಪೇಸ್ವಾಮಿ ಗೇಟಿನಲ್ಲಿ ಅಡ್ಡ ನಿಂತ. ಜಾರಿ ಮಾಡುವುದು ಕಾರ್ಯಾಂಗದ ಕೆಲಸ ತಾನೆ ಮೇಡಮ್, ನೀವು ಯಾಕೆ ಎಂದ. ಸೈಕಲ್ ತೆಗೆದುಕೊಂಡು ಆ ಬಿಸಿಲಿನಲ್ಲಿ ಅಷ್ಟು ದೂರ ತುಳಿದ. ಪಾಲಮ್ಮನಿಗೆ ಜ್ವರ ಬಂದಿತ್ತಂತೆ, ಅಷ್ಟೇ. ಅವಳಪ್ಪ ಇವನಿಗೆ ಮಜ್ಜಿಗೆ ಕೊಟ್ಟು, ಹುಡುಗನೊಬ್ಬ ಮನೆಗೇ ಬಂದನಲ್ಲ ಎಂದು ಒಳಗೊಳಗೇ ಗಾಬರಿಯಾಗಿ, ವಿಷಯ ತಿಳಿದ ಮೇಲೆ ಇನ್ನೊಂದು ಲೋಟ ಕೊಟ್ಟನಂತೆ. ಸೋಮವಾರ ಅವಳು ಬಂದಳು. ಸಂಜೆ ನಾಲ್ಕರ ಬಸ್ಸಿನ ಕಿಟಕಿಯಿಂದ ನನಗೆ ಕೈ ಮಾಡಿದಳು. ಅದನ್ನು ನೆನೆದರೆ ಈಗಲೂ ನನ್ನ ಕೈ ತಾನಾಗಿ ಮೇಲೇಳುತ್ತದೆ.

ಅವಳು ಡಿಗ್ರಿ ಮುಗಿಸಿದಳು. ಅದೇ ಊರಿನಲ್ಲಿ ಮದುವೆಯಾದಳು. ಗಂಡ ಹೆಂಡತಿ ಸೇರಿ ಹಿಟ್ಟಿನ ಗಿರಣಿ ಹಾಕಿದರು. ಮದುವೆಯಾದ ವರ್ಷ ಫೆಬ್ರವರಿಯ ಮೊದಲ ಶುಕ್ರವಾರ ನಾನು ಹೊಸ ಮಕ್ಕಳ ಕೋರ್ಟು ಶುರುಮಾಡುತ್ತಿದ್ದೆ. ಇಸ್ತ್ರಿ ಮಾಡಿದ ಸೀರೆ ಉಟ್ಟುಕೊಂಡು ಪಾಲಮ್ಮ ಬಾಗಿಲಲ್ಲಿ ನಿಂತಿದ್ದಳು. ಏನಮ್ಮ, ಏನಾದರೂ ಸರ್ಟಿಫಿಕೇಟು ಬೇಕಿತ್ತೇ ಎಂದೆ. ಇಲ್ಲ ಮೇಡಮ್, ನಂದು ಜೀವಾವಧಿ ಅಲ್ವಾ ಎಂದಳು. ನಗುತ್ತಾಳೆಂದು ನೋಡಿದೆ. ನಗಲಿಲ್ಲ. ಸೀದಾ ಹಿಂದಿನ ಬೆಂಚಿಗೆ ಹೋಗಿ ನಡುವೆ ಕೂತಳು. ಹೊಸ ಮಕ್ಕಳು ನನ್ನ ಮುಖ ನೋಡಿದರು. ನಾನೇನು ಹೇಳಲಿ? ಆ ನೇಮಕವನ್ನು ರದ್ದು ಮಾಡುವ ದಾರಿ ಮಹಾಭಿಯೋಗ ಒಂದೇ, ಅದಕ್ಕೆ ಅವಳು ಯಾವ ತಪ್ಪೂ ಮಾಡಿರಲಿಲ್ಲ. ನಡೆಸಿರಪ್ಪ ವಾದ ಎಂದೆ.

ಅಂದಿನಿಂದ ಪ್ರತಿ ವರ್ಷ ಬಂದಳು. ಒಂದು ವರ್ಷ ಕೈಗೂಸು ಎತ್ತಿಕೊಂಡು ಬಂದಿದ್ದಳು. ವಾದದ ನಡುವೆ ಕೂಸು ಕಿರುಚಿಕೊಂಡಾಗ ಕೋರ್ಟನ್ನು ಮುಂದೂಡಿ ಜಗಲಿಗೆ ಹೋಗಿ ಹಾಲು ಕುಡಿಸಿ ಬಂದಳು. ಇನ್ನೊಂದು ವರ್ಷ ಗಿರಣಿಯಿಂದ ನೇರ ಓಡಿಬಂದಿದ್ದಳು, ರೆಪ್ಪೆಯ ಮೇಲೆಲ್ಲ ರಾಗಿಹಿಟ್ಟು. ಮಕ್ಕಳು ಬದಲಾದರು, ಪಾಠದ ರೀತಿಯೂ ಬದಲಾಯಿತು. ಗೋಡೆಯ ಹಾಳೆ ಹೋಗಿ ಪ್ರೊಜೆಕ್ಟರ್ ಬಂತು, ಕರೆಂಟು ಹೋದಾಗಲೆಲ್ಲ ಅಮೆರಿಕವೂ ಹೋಗುತ್ತಿತ್ತು. ನಿಷೇಧಾಧಿಕಾರ ಎಂದರೇನು ಎಂದು ಕೇಳಿದರೆ ಮಕ್ಕಳು ಬೆಂಚಿನ ಕೆಳಗೆ ಮೊಬೈಲು ನೋಡಿ ನನಗಿಂತ ಶುದ್ಧವಾಗಿ ಹೇಳುತ್ತಿದ್ದರು. ಕ್ಲಾಸಿನಲ್ಲಿ ಮೊಬೈಲು ಬೇಡವೆಂದು ಒಂದು ವರ್ಷ ಅವರೇ ಕಾನೂನು ಮಾಡಿ, ಅವರೇ ಕೋರ್ಟಿಗೆ ಹೋದರು. ಪಾಲಮ್ಮ ಎರಡೂ ಕಡೆಯ ಮಾತು ಕೇಳಿ ಕಾನೂನನ್ನು ಎತ್ತಿಹಿಡಿದಳು. ಅಷ್ಟರಲ್ಲಿ ಅವಳ ಚೀಲದೊಳಗೇ ಮೊಬೈಲು ಕೂಗಿತು. ಗಂಡ. ಕೋಣೆ ಬಿದ್ದು ಬಿದ್ದು ನಕ್ಕಿತು. ಅವಳೂ ನಕ್ಕು, ಅದನ್ನು ಆರಿಸಿ, ನನ್ನ ಮೇಜಿನ ಮೇಲೆ ತಂದಿಟ್ಟು ಹೋಗಿ ಕೂತಳು.

ನನ್ನ ನಿವೃತ್ತಿಯ ದಿನ ಶಾಲು, ಹಾರ, ಭಾಷಣ ಎಲ್ಲ ಆಯಿತು. ನಾನು ಮಾಡಿಯೇ ಇಲ್ಲದ ಸೇವೆಗಳನ್ನೆಲ್ಲ ಹೊಗಳಿದರು. ಸಭೆ ಮುಗಿಸಿ ಕೊನೆಯ ಸಲ ಕೋಣೆ ನೋಡಲು ಹೋದರೆ ಪಾಲಮ್ಮ ತನ್ನ ಬೆಂಚಿನಲ್ಲಿ ಒಬ್ಬಳೇ ಕೂತಿದ್ದಳು. ನಾನು ಅವಳ ಪಕ್ಕ ಕೂತೆ. ಅಷ್ಟು ವರ್ಷದಲ್ಲಿ ಆ ಬೆಂಚಿನಿಂದ ಕರಿಹಲಗೆ ಹೇಗೆ ಕಾಣುತ್ತದೆಂದು ನಾನು ನೋಡಿಯೇ ಇರಲಿಲ್ಲ.

"ನಿಮ್ದು ಅರವತ್ತಕ್ಕೆ ಮುಗೀತು ಮೇಡಮ್. ನಂದಿನ್ನೂ ಐತೆ. ನಾನು ಬಂದು ನೋಡ್ಕೊಂತೀನಿ, ನೀವು ಯೋಚ್ನೆ ಮಾಡ್ಬ್ಯಾಡ್ರಿ" ಅಂದಳು.

ಈಗ ನಾನು ಚಳ್ಳಕೆರೆಯ ಮನೆಯಲ್ಲಿರುತ್ತೇನೆ. ಬೆಳಗ್ಗೆ ಮೊಳಕಾಲ್ಮುರಿನ ಬಸ್ಸಿನ ಹೊತ್ತಿಗೆ ಕಾಲು ಸುಮ್ಮನಿರುವುದಿಲ್ಲ, ಬಾಗಿಲವರೆಗೆ ಹೋಗಿ ಬರುತ್ತೇನೆ. ನನಗೆ ಆ ಕೋಣೆ ಬೇಕು. ಸೀಮೆಸುಣ್ಣದ ವಾಸನೆ ಬೇಕು, ಬಿ.ಜಿ. ಕೆರೆಯವರ ಜಗಳ ಬೇಕು, ತೆಲುಗಿನಲ್ಲಿ ಬೈದುಕೊಂಡು ಕನ್ನಡದಲ್ಲಿ ಮೇಡಮ್ ಎನ್ನುವ ಆ ಹುಡುಗರು ಬೇಕು. ಒಂದು ಸಲ, ಒಂದೇ ಒಂದು ಪೀರಿಯಡ್ಡು ಸಿಕ್ಕಿದರೂ ಸಾಕು. ಆದರೆ ನನಗೆ ಅಂಥ ನೇಮಕ ಯಾರೂ ಮಾಡಲಿಲ್ಲ. ಪಾಲಮ್ಮ ಹೋಗುತ್ತಾಳಲ್ಲ, ಅವಳ ಕಣ್ಣಿನಿಂದ ನಾನೂ ವರ್ಷಕ್ಕೊಮ್ಮೆ ನೋಡಿದ ಹಾಗಾಗುತ್ತದೆ ಎಂದು ಸಮಾಧಾನ ಮಾಡಿಕೊಂಡಿದ್ದೆ.

ಈ ಫೆಬ್ರವರಿಯಲ್ಲೂ ಹೋದಳು. ಹೆಂಗಸರಿಗೆ ಈಗ ಬಸ್ಸು ಪುಕ್ಕಟೆ, ಟಿಕೆಟ್ಟಿನ ಯೋಚನೆಯೂ ಇಲ್ಲ. ಬಾಗಿಲಲ್ಲಿ ಹೊಸ ಮೇಡಮ್ ಎದುರಾದರಂತೆ. ಬಹಳ ಮರ್ಯಾದೆಯಿಂದಲೇ, ನೀವು ಯಾರ ತಾಯಿ, ಮಗಳನ್ನು ಹೊರಗೆ ಕಳಿಸಲಾ ಎಂದು ಕೇಳಿದರಂತೆ. ಪಾಲಮ್ಮ ಇಲ್ಲಿ ಓದುವ ಯಾರ ತಾಯಿಯೂ ಅಲ್ಲ ಎಂದು ಹೇಳಿ ವಾಪಸ್ಸು ಬಂದಳು. ಬಸ್ ಸ್ಟ್ಯಾಂಡಿನಿಂದ ನನಗೆ ಫೋನ್ ಮಾಡಿದಳು. ಕೋರ್ಟಿಲ್ಲ ಮೇಡಮ್ ಅಂದಳು, ಅಷ್ಟೇ. ಹಿಂದಿನಿಂದ ಬಸ್ಸುಗಳ ಹಾರ್ನು ಕೇಳಿಸುತ್ತಿತ್ತು.

ಕವಿತಾ, ಅವತ್ತು ಬಾಗಿಲಲ್ಲಿ ಇದ್ದವಳು ನೀನು. ನಿನ್ನ ತಪ್ಪಿಲ್ಲ ಕಣಮ್ಮ, ನಿನಗೆ ಯಾರೂ ಹೇಳಿರಲಿಲ್ಲ. ಈಗ ಹೇಳಿದ್ದೇನೆ. ಮೂರು ಅಂಗಗಳ ಅಧಿಕಾರ ಮತ್ತು ಪಾತ್ರದ ಬಗ್ಗೆ ನೀನು ಕೇಳಿದ್ದಕ್ಕೆ ನನಗೆ ಗೊತ್ತಿರುವುದೆಲ್ಲ ಇಷ್ಟೇ. ಬೇಕಾದರೆ ಹತ್ತು ಅಂಕಕ್ಕೆ ಇಳಿಸಿಕೊ.

ಬರುವ ಫೆಬ್ರವರಿಯ ಮೊದಲ ಶುಕ್ರವಾರ ಒಬ್ಬ ಹೆಂಗಸು ನಿನ್ನ ಕೋಣೆಗೆ ಬರುತ್ತಾಳೆ. ಯಾರು, ಏನು ಎಂದು ಕೇಳಬೇಡ. ಹಿಂದಿನ ಬೆಂಚಿನ ನಡುವಿನ ಜಾಗ ಬಿಡಿಸಿಕೊಟ್ಟು ಮಕ್ಕಳ ಕೋರ್ಟು ಶುರುಮಾಡು. ಅವಳನ್ನು ಅಲ್ಲಿಂದ ಎಬ್ಬಿಸುವ ಅಧಿಕಾರ ನಿನಗಿಲ್ಲ, ನನಗೂ ಇರಲಿಲ್ಲ. ವಾದ ಎಷ್ಟೇ ರಂಗೇರಿದರೂ ಮೂರೂವರೆಗೆ ಬಿಟ್ಟುಬಿಡು. ಅವಳಿಗೆ ನಾಲ್ಕರ ಬಸ್ಸಿದೆ.